ಹನ್ನೊಂದು ರೂಪಾಯಿಯ ಆರತಿ ಹಾಡು

ಫೋನಿನಲ್ಲಿ ಹನ್ನೊಂದು ರೂಪಾಯಿ ಬಂದ ಸದ್ದಾದರೆ ನಾನು ಈಗಲೂ ಬಲಗೈಯನ್ನು ಒರೆಸಿಕೊಳ್ಳುತ್ತೇನೆ. ಆಫೀಸಿನ ಮೀಟಿಂಗಿನಲ್ಲಿದ್ದರೂ ಅಷ್ಟೆ, ಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದರೂ ಅಷ್ಟೆ. ಶರವಣಂಪಟ್ಟಿಯ ನಮ್ಮ ಆಫೀಸಿನಲ್ಲಿ ಪಕ್ಕದ ಕುರ್ಚಿಯವಳು ಇದನ್ನು ನೋಡಿ ನೋಡಿ, "ಏನಕ್ಕಾ, ಫೋನಿಗೆ ಎಣ್ಣೆ ಹತ್ತಿದೆಯಾ?" ಎಂದು ತಮಿಳಿನಲ್ಲಿ ಕೇಳಿದಳು. ಎಣ್ಣೆಯೂ ಇಲ್ಲ, ಬೆಣ್ಣೆಯೂ ಇಲ್ಲ. ತಾಂಬೂಲವನ್ನು ಕೊಳಕು ಕೈಯಲ್ಲಿ ತೆಗೆದುಕೊಳ್ಳಬಾರದು ಎಂದು ಮಡತ್ತುಕುಳಂ ಅತ್ತೆ ಬೈದು ಬೈದು ಕಲಿಸಿದ ಅಭ್ಯಾಸ. ಅತ್ತೆ ಹೋಗಿ ನಾಲ್ಕು ತಿಂಗಳಾಯಿತು. ಬೈಗುಳ ಮಾತ್ರ ನನ್ನ ಕೈಯಲ್ಲಿ ಉಳಿದಿದೆ.

ಅವರು ನನ್ನ ಅಪ್ಪನ ದೊಡ್ಡಪ್ಪನ ಮಗಳು. ಕೊಯಮತ್ತೂರು ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಊರು ಹಿಡಿದು ಕರೆಯುತ್ತೇವೆ. ಪೊಳ್ಳಾಚಿ ಚಿಕ್ಕಪ್ಪ, ಅವಿನಾಶಿ ದೊಡ್ಡಮ್ಮ, ಮಡತ್ತುಕುಳಂ ಅತ್ತೆ. ಅಮರಾವತಿ ನೀರು ಹಾಯುವ ನಾಲ್ಕು ಎಕರೆ, ಎರಡು ಹಸು, ಮಾತಿಗೆ ಮಾತು ಕೊಡುವ ಒಬ್ಬ ಸೊಸೆ, ಇಷ್ಟು ಅವರ ಸಂಸಾರ. ಕುಳ್ಳಗಿನ ಮೈ, ಊರಿಗೆಲ್ಲ ಕೇಳುವ ಗಂಟಲು. ಆ ಗಂಟಲಿನಿಂದಲೇ ಅವರು ನಮ್ಮ ಸುತ್ತಿನ ಅಷ್ಟೂ ಮದುವೆಗಳಲ್ಲಿ ಹೆಣ್ಣಿಗೆ ಆರತಿ ಎತ್ತುವಾಗ ಹಾಡುತ್ತಿದ್ದರು.

ಆರತಿ ಹಾಡು ಎಂದರೆ ಕೃತಿ, ಕೀರ್ತನೆ ಎಂದುಕೊಳ್ಳಬೇಡಿ. ಐದು ನುಡಿ. ಪ್ರತಿ ನುಡಿಯ ಕೊನೆಯಲ್ಲಿ ಮದುವಣಗಿತ್ತಿಯ ಹೆಸರು ಬರಬೇಕು. ನಡುವೆ ಅವಳ ಅಮ್ಮನ ಹೆಸರು, ಅಜ್ಜಿಯ ಹೆಸರು, ಅವಳು ನೀರು ಕುಡಿದು ಬೆಳೆದ ಬಾವಿ, ಅವಳು ಹೋಗಿ ಸೇರುವ ಊರು. ಹೀಗಾಗಿ ಹಾಡು ಒಂದೇ ಆದರೂ ಎರಡು ಮದುವೆಯಲ್ಲಿ ಒಂದೇ ಹಾಡನ್ನು ಯಾರೂ ಕೇಳಿದ್ದಿಲ್ಲ.

ಅದಕ್ಕೊಂದು ಕ್ರಮವಿತ್ತು. ಮದುವೆಗೆ ನಾಲ್ಕು ದಿನ ಮೊದಲು ಹೆಣ್ಣಿನ ಮನೆಯವರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಹೂವು, ಹನ್ನೊಂದು ರೂಪಾಯಿ ಇಟ್ಟುಕೊಂಡು ಅತ್ತೆಯ ಮನೆಗೆ ಹೋಗಬೇಕು. ನೂಲಿನ ಮಿಲ್ಲಿನ ಮಾಲೀಕನಾದರೂ ಹನ್ನೊಂದೇ, ಅದೇ ಮಿಲ್ಲಿನ ವಾಚ್‌ಮನ್ ಆದರೂ ಹನ್ನೊಂದೇ. ಯಾರೋ ಒಬ್ಬರು ಧಾರಾಳವಾಗಿ ಐನೂರರ ನೋಟು ಇಟ್ಟದ್ದಕ್ಕೆ, "ಚಿಲ್ಲರೆ ಇಲ್ಲ ಹೋಗಿ" ಎಂದು ಬಸ್ ಕಂಡಕ್ಟರ್ ಗತ್ತಿನಲ್ಲಿ ತಟ್ಟೆಯನ್ನೇ ಹಿಂದಕ್ಕೆ ತಳ್ಳಿದ್ದರು. ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿ, ತಾಂಬೂಲ ತೆಗೆದುಕೊಂಡ ಮೇಲೆ ವಿಚಾರಣೆ ಶುರು.

"ಪೊಣ್ಣಿನ ಹೆಸರೇನು? ಸರ್ಟಿಫಿಕೇಟಲ್ಲಿ ಇರೋದು ಬೇಡ, ಮನೇಲಿ ಏನಂತ ಕರೀತೀರಿ?"

ಉದ್ದ ಹೆಸರು ಬಂದರೆ ಅವರಿಗೆ ಖುಷಿ, ಎಳೆದಾಡಿಕೊಂಡು ಹಾಡಬಹುದು. ಈಗಿನ ಚಿಕ್ಕ ಚಿಕ್ಕ ಹೆಸರುಗಳ ಮೇಲೆ ಮಾತ್ರ ವಿಪರೀತ ಸಿಟ್ಟು. "ರಿಯಾ ಅಂತೆ, ರಿಯಾ! ಎರಡಕ್ಷರ ಇಟ್ಟು ಹಾಡೋಳ ಪ್ರಾಣ ತೆಗೀತೀರಲ್ರೀ. ರಿಯಮ್ಮ ಅಂತೀನಿ, ಬೇಜಾರು ಮಾಡ್ಕೋಬೇಡಿ." ಇಷ್ಟೆಲ್ಲ ಯಾಕೆ ಕೇಳಬೇಕು ಎಂದು ಯಾರಾದರೂ ಗೊಣಗಿದರೆ, "ಹೆಸರು ಕೇಳದೆ ಕೂಗೋಕೆ ನಾನೇನು ಉಡುಮಲೈ ಬಸ್‌ಸ್ಟ್ಯಾಂಡ್ ಮೈಕಾ?" ಎನ್ನುತ್ತಿದ್ದರು.

ಕೂಲಿಯ ಲೆಕ್ಕ ಇರಲಿಲ್ಲ, ಆದರೆ ಮದುವೆಯಿಂದ ಅವರು ತಪ್ಪದೆ ತರುತ್ತಿದ್ದುದು ಮಂಜಪ್ಪೈ. ಮದುವೆ ಮುಗಿಸಿ ಹೊರಡುವವರಿಗೆ ತೆಂಗಿನಕಾಯಿ ಹಾಕಿ ಕೊಡುತ್ತಾರಲ್ಲ, ಹೆಣ್ಣು ಗಂಡಿನ ಹೆಸರು ಅಚ್ಚಾಗಿರುವ ಹಳದಿ ಬಟ್ಟೆಚೀಲ, ಅದು. ಅತ್ತೆಯ ಮನೆಯ ನಡುಮನೆಯಲ್ಲಿ ಒಂದು ದೊಡ್ಡ ಮೊಳೆ. ಆ ಮೊಳೆಯ ತುಂಬ ಮಂಜಪ್ಪೈಗಳು, ಒಂದರ ಮೇಲೊಂದು. ಹಾಡಿದ ಮದುವೆಯ ಚೀಲ ಮಾತ್ರ ಆ ಮೊಳೆಗೆ ಏರುತ್ತಿತ್ತು. ಸೊಸೆ ಒಮ್ಮೆ ಮರೆತು ಅದರಲ್ಲೊಂದನ್ನು ತೆಗೆದುಕೊಂಡು ಬದನೆಕಾಯಿ ತರಲು ಹೋಗಿ, ವಾರಪೂರ್ತಿ ಮಾತು ಕೇಳಿದಳು.

ಇನ್ನು ನನ್ನ ಕಥೆ. ನಾನು ಹಾಡಿಗೆ ದುಡ್ಡು ಕೊಟ್ಟ ಜಾತಿಯವಳೇ ಅಲ್ಲ. ಕಾಲೇಜಿನಲ್ಲಿ ಪೆನ್‌ಡ್ರೈವ್ ಹಿಡಿದು ಹಾಸ್ಟೆಲಿನ ರೂಮು ರೂಮು ಸುತ್ತಿ ಹಾಡು ತುಂಬಿಸಿಕೊಂಡವಳು. ಆಫೀಸಿನ ಊಟದ ಮೇಜಿನಲ್ಲಿ ಒಬ್ಬ, ತಾನು ಹಾಡುಗಳನ್ನು ದುಡ್ಡು ಕೊಟ್ಟೇ ಡೌನ್‌ಲೋಡ್ ಮಾಡುವುದೆಂದೂ ನೆಟ್ ಇರಲಿ ಬಿಡಲಿ ಅದು ತನ್ನದೆಂದೂ ಹೇಳಿದಾಗ, "ಅಪ್ಪಾ ಮಹರಾಯ, ಗಾಳಿಗೂ ಬಿಲ್ಲು ಹಾಕಿಸ್ಕೊಳ್ತೀಯಾ?" ಎಂದು ನಕ್ಕವರಲ್ಲಿ ನಾನೇ ಮೊದಲು. ಅತ್ತೆ ಒಮ್ಮೆ ನಮ್ಮ ಮನೆಗೆ ಬಂದಾಗ ನನ್ನ ಕಿವಿಯಿಂದ ಇಯರ್‌ಫೋನ್ ಕಿತ್ತು ತಮ್ಮ ಕಿವಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಕೇಳಿದರು.

"ಚೆನ್ನಾಗವ್ಳೆ. ಇವಳಿಗೆ ತಾಂಬೂಲ ಕೊಟ್ಟೆಯಾ?"

"ಅಯ್ಯೋ ಅತ್ತೆ, ಇದೆಲ್ಲ ಚುಮ್ಮಾ ಸಿಗುತ್ತೆ, ಕಾಸು ಕೊಡೋದು ಬೇಡ."

"ಓಸೀಲಿ ಹಾಡ್ತಾಳಾ? ಪಾಪ, ಯಾರ ಮನೆ ಹೆಣ್ಣೋ" ಎಂದು ಇಯರ್‌ಫೋನನ್ನು ನನ್ನ ಕೈಗೆ ಹಾಕಿ ಅಡುಗೆಮನೆಗೆ ಹೋದರು. ಅಮ್ಮ ಅಲ್ಲಿ ಮುಸಿಮುಸಿ ನಗುತ್ತಿದ್ದುದು ನನಗೆ ಕೇಳಿಸಿತು.

ನಾನು ಮಾಡಿದ ತಪ್ಪು ಶುರುವಾದದ್ದು ನನ್ನ ಚಿಕ್ಕಪ್ಪನ ಮಗಳು ರೇವತಿಯ ಮದುವೆಯಲ್ಲಿ. ಅತ್ತೆ ಆ ದಿನ ಎಂದಿಗಿಂತ ಚೆನ್ನಾಗಿ ಹಾಡಿದರು. ನಾನು ಫೋನು ಹಿಡಿದು ಐದು ನುಡಿಯನ್ನೂ ರೆಕಾರ್ಡ್ ಮಾಡಿದೆ. ಹಿಂದೆ ಅಳುತ್ತಿದ್ದ ಮಗುವಿನ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕಿ, ಚೊಕ್ಕ ಮಾಡಿ, ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅರವತ್ತು ಮನೆಗೂ ಹಾಡು ತಲುಪಿತು. ಕೈ ಮುಗಿಯುವ ಚಿತ್ರಗಳೇನು, ಹೂವಿನ ಚಿತ್ರಗಳೇನು! "ನಮ್ಮ ಸಂಸ್ಕೃತಿ ಉಳಿಸಿದೆ ತಾಯಿ" ಎಂದು ಅವಿನಾಶಿ ದೊಡ್ಡಮ್ಮ ತಮಿಳು ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿದರು. ನಾನು ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಅತ್ತೆ ಆಗಾಗ ಫೋನು ಮಾಡತೊಡಗಿದರು. ಹಸು ಕರು ಹಾಕಿದ ಸುದ್ದಿ, ಸೊಸೆಯ ದೂರು ಎಲ್ಲ ಮುಗಿದ ಮೇಲೆ, ಏನೋ ನೆನಪಾದವರಂತೆ, "ಈ ವರ್ಷ ನಮ್ಮವರಲ್ಲಿ ಯಾರಿಗೂ ಕಲ್ಯಾಣ ಇಲ್ವಾ ಕಣ್ಣು?" ಎಂದು ಮುದ್ದಿನಿಂದ ಕೇಳುತ್ತಿದ್ದರು. ಇದೆ ಅತ್ತೆ, ವೈಕಾಸಿ ತಿಂಗಳಲ್ಲಿ ಎರಡು ಇದೆ ಎಂದರೆ, "ಹಾಂ... ತಟ್ಟೆ ಬರಲಿಲ್ಲ, ಅದಕ್ಕೆ ಕೇಳ್ದೆ" ಎಂದು ಇಟ್ಟುಬಿಡುತ್ತಿದ್ದರು. ನನ್ನ ಮರದ ತಲೆಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ದಿವ್ಯಾಳ ಮದುವೆಯಲ್ಲಿ. ಪೊಳ್ಳಾಚಿ ಚಿಕ್ಕಪ್ಪನ ಮೊಮ್ಮಗಳು ದಿವ್ಯಾ, ಉಡುಮಲೈಯ ದೊಡ್ಡ ಮಂಡಪ. ಅತ್ತೆಗೆ ಮದುವೆಯ ಪತ್ರಿಕೆ ಹೋಗಿತ್ತು, ತಟ್ಟೆ ಹೋಗಿರಲಿಲ್ಲ. ಆದರೂ ಅವರು ಮೂರು ದಿನದಿಂದ ಎಲೆಅಡಿಕೆ ಬಿಟ್ಟು, ಅತಿಮಧುರದ ಕಡ್ಡಿ ಜಗಿದು ಗಂಟಲು ಸರಿಮಾಡಿಕೊಂಡೇ ಬಂದಿದ್ದರಂತೆ. ಇದನ್ನು ಆಮೇಲೆ ಸೊಸೆ ಹೇಳಿದ್ದು. ಮೂರನೆಯ ಸಾಲಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಯಾವ ಕ್ಷಣದಲ್ಲಾದರೂ ಕರೆಯುತ್ತಾರೆಂದು ಕುಳಿತಿದ್ದರು.

ಆರತಿ ತಟ್ಟೆ ವೇದಿಕೆಗೆ ಬಂತು. ದಿವ್ಯಾಳ ಅಮ್ಮ ಮೈಕ್‌ಸೆಟ್ಟಿನವನಿಗೆ ಕೈಸನ್ನೆ ಮಾಡಿದಳು. ಎರಡು ಆಳೆತ್ತರದ ಸ್ಪೀಕರಿನಿಂದ ಅತ್ತೆಯದೇ ದನಿ ಮಂಡಪವನ್ನೆಲ್ಲ ತುಂಬಿತು. ನಾನು ಚೊಕ್ಕ ಮಾಡಿದ್ದ ಹಾಡು. ಮೊದಲ ನುಡಿ ಮುಗಿಯುವಲ್ಲಿ ಆ ದನಿ ಪ್ರೀತಿಯಿಂದ ಎಳೆದು ಹೇಳಿತು, ರೇವತೀ ಎಂದು.

ಬಂದವರಲ್ಲಿ ಅರ್ಧಕ್ಕರ್ಧ ತಮಿಳರು, ಅವರಿಗೆ ತಿಳಿಯಲಿಲ್ಲ. ನಮ್ಮವರಿಗೆ ತಿಳಿದರೂ ಎಲ್ಲರೂ ಸೀರೆ, ಒಡವೆ ನೋಡುವುದರಲ್ಲಿ ಮುಳುಗಿದ್ದರು. ಅತ್ತೆ ಎದ್ದು ನಿಂತರು.

"ನಿಪ್ಪಾಟ್ಟುಪ್ಪಾ ಅದನ್ನ!" ಎಂದು ಮೈಕಿನವನಿಗೆ ಗುಡುಗಿ ಹಾಡು ನಿಲ್ಲಿಸಿ, ವೇದಿಕೆಯ ಕಡೆ ತಿರುಗಿದರು. "ಏನ್ರೇ, ರೇವತಿಗೆ ಎರಡನೇ ಕಲ್ಯಾಣ ಮಾಡ್ತಿದ್ದೀರಾ? ಅವಳ ಗಂಡ ಇಲ್ಲೇ ಕೂತವ್ನೆ, ಅವನನ್ನಾದ್ರೂ ಒಂದು ಮಾತು ಕೇಳಬಾರದಾ!"

ಮಂಡಪ ಬಿದ್ದು ಬಿದ್ದು ನಕ್ಕಿತು. ಆರು ತಿಂಗಳ ಬಸುರಿ ರೇವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಗಂಡ ಪಾಪ, ಏನು ಮಾಡಬೇಕೋ ತೋಚದೆ ಎದ್ದು ಎಲ್ಲರಿಗೂ ಕೈ ಮುಗಿದ. ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ದಿವ್ಯಾಳನ್ನು ನೋಡಿದ ಮೇಲೆ ನಗು ನಿಂತಿತು. ಅವಳು ಅಮ್ಮನ ಕಡೆ ಬಾಗಿ, "ಅಮ್ಮಾ, ನನ್ನ ಹೆಸರು ಇಲ್ವಾ?" ಎಂದು ಕೇಳುತ್ತಿದ್ದಳು.

ಪೊಳ್ಳಾಚಿ ಚಿಕ್ಕಪ್ಪ ಓಡಿಬಂದು, "ಅಕ್ಕಾ, ನೀವೇ ಬಂದು ಹಾಡಿಬಿಡಿ ಅಕ್ಕಾ" ಎಂದು ಕೈ ಹಿಡಿದರು. ಅತ್ತೆ ವೇದಿಕೆಯ ಕಡೆ ಒಮ್ಮೆ ನೋಡಿದರು. ಹೋಗುತ್ತಾರೆ ಎಂದೇ ನಾನು ಅಂದುಕೊಂಡೆ. "ತಾಂಬೂಲ ಇಡದ ಕಡೆ ನಾನು ಬಾಯಿ ಬಿಡೋಳಲ್ಲ" ಎಂದು ಕುಳಿತುಬಿಟ್ಟರು. ಆರತಿ ಹಾಡಿಲ್ಲದೆ ಮುಗಿಯಿತು. ಅತ್ತೆ ಊಟ ಮಾಡಿದರು, ಎರಡನೆಯ ಸಲ ಪಾಯಸ ಹಾಕಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ಕೊಟ್ಟ ಮಂಜಪ್ಪೈಯನ್ನು ಮಾತ್ರ ಹಿಂದಕ್ಕೆ ಕೊಟ್ಟರು.

ನಾನು ಬಸ್‌ಸ್ಟಾಪಿನ ತನಕ ಹಿಂದೆ ಹಿಂದೆ ಹೋದೆ. ಅತ್ತೆ, ಕೋಪವಾ ಎಂದೆ.

"ನಿನ್ನ ಮೇಲೆ ಏನು ಕೋಪ ಕಣ್ಣು. ಹಾಡು ಎತ್ಕೊಂಡು ಹೋದೆ, ಹೋಗ್ಲಿ. ಕೇಳಿದ್ರೆ ನಾನೇ ಕೊಡ್ತಿದ್ದೆ." ಬಸ್ಸು ಬರುವ ದಾರಿಯ ಕಡೆ ತಿರುಗಿದರು. "ಈಗ ಯಾರೂ ಮನೆಗೆ ಬರಲ್ಲ ಕಣೇ. ಹೆಸರು ಕೇಳೋಕೆ ನಂಗೆ ಯಾರೂ ಇಲ್ಲ."

ಬಸ್ಸು ಬಂತು, ಹತ್ತಿ ಹೋದರು. ನನಗೆ ಆ ದಿನ ನನ್ನನ್ನು ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು. ಅರವತ್ತು ಮನೆಗೆ ಹಾಡು ಹಂಚಿದ ಪುಣ್ಯವತಿ ನಾನು, ಆ ಅರವತ್ತು ಮನೆಯವರೂ ಅವರ ಬಾಗಿಲಿಗೆ ಹೋಗದ ಹಾಗೆ ಮಾಡಿದವಳೂ ನಾನೇ.

ಮುಂದಿನ ಭಾನುವಾರ ಮಡತ್ತುಕುಳಕ್ಕೆ ಹೋದೆ. ತಟ್ಟೆಯಲ್ಲಿ ಎಲೆ, ಅಡಿಕೆ, ಹೂವು, ಹನ್ನೊಂದು ರೂಪಾಯಿ. ಹುಟ್ಟಿದಾರಭ್ಯ ಒಂದು ಹಾಡಿಗೆ ನಾನು ಕೊಟ್ಟ ಮೊದಲ ದುಡ್ಡು ಅದು. ಅತ್ತೆ ಬೇಕೆಂದೇ ಅರ್ಧ ಗಂಟೆ ಕಾಯಿಸಿದರು, ಹಸುವಿಗೆ ಹುಲ್ಲು ಹಾಕಿದರು, ಕೋಳಿ ಅಟ್ಟಿದರು. ಕೊನೆಗೆ ಕೈ ಒರೆಸಿಕೊಂಡು ಬಂದು ಕುಳಿತು, "ಯಾರ ಕಲ್ಯಾಣ?" ಎಂದರು.

"ದಿವ್ಯಾಳದು."

"ಅದು ಆಗೋಯ್ತಲ್ಲ."

"ಹಾಡು ಆಗಿಲ್ಲವಲ್ಲ ಅತ್ತೆ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆ ಹುಡುಗಿಯ ಮುಖ ನೆನಪಾಗಿ ವಾರದಿಂದ ತಮಗೂ ಊಟ ಸೇರಿಲ್ಲ, ಹಟ ಮಾಡಬಾರದಿತ್ತು ಎಂದು ಅವರೇ ಬಾಯಿಬಿಟ್ಟು ಹೇಳಿದರು. ಆಮೇಲೆ ಫೋನಿನ ಮುಂದೆ ಕುಳಿತು, ದಿವ್ಯಾಳ ಅಜ್ಜಿಯ ಹೆಸರನ್ನೂ ಬಿಡದೆ ಐದು ನುಡಿಯನ್ನೂ ಹಾಡಿದರು. ಅದನ್ನು ದಿವ್ಯಾಳಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವಳು ಅಳುತ್ತಲೇ ಅತ್ತೆಗೆ ಫೋನು ಮಾಡಿದಳು.

ಅಂಗಡಿ ತೆರೆಯುವ ಆಲೋಚನೆ ಬಂದದ್ದು ಅಲ್ಲಿಂದ. ನಾನು ಒಂದು ಪುಟ್ಟ ವೆಬ್ ಪೇಜ್ ಮಾಡಿದೆ. ದುಡ್ಡು ಕಟ್ಟಿದರೆ ಹಾಡು ಡೌನ್‌ಲೋಡ್ ಆಗಬೇಕು, ಆದರೆ ಕೂಡಲೇ ಅಲ್ಲ. ಕೊಳ್ಳುವವರು ಮೊದಲು ಹೆಣ್ಣಿನ ಹೆಸರು, ಅಮ್ಮ, ಅಜ್ಜಿ, ಬಾವಿ, ಊರು ಎಲ್ಲ ಬರೆಯಬೇಕು. ಅತ್ತೆ ಹಾಡುತ್ತಾರೆ, ನಾಲ್ಕು ದಿನದ ಮೇಲೆ ಹಾಡು ಬರುತ್ತದೆ. ಬೆಲೆಯ ಬಗ್ಗೆ ನಮಗೆ ಜಗಳವೇ ಆಯಿತು. ತೊಂಬತ್ತೊಂಬತ್ತು ಇಡೋಣ, ಎಲ್ಲರೂ ಹಾಗೇ ಇಡುತ್ತಾರೆ ಎಂದೆ. "ಚಪ್ಪಲಿ ಅಂಗಡಿಯಾ ಇದು?" ಎಂದರು. ಹನ್ನೊಂದೇ ಆಯಿತು. ಹಾಡಿದವರ ಹೆಸರು ಏನು ಹಾಕಲಿ ಎಂದರೆ, "ನನ್ನ ಹೆಸರು ಯಾಕೆ? ಪೊಣ್ಣಿನ ಹೆಸರು ಸರಿಯಾಗಿ ಹಾಕು" ಎಂದುಬಿಟ್ಟರು. ಮಡತ್ತುಕುಳಂ ಅತ್ತೆ ಎಂದಷ್ಟೇ ಹಾಕಿದೆ. ಹೆಸರುಗಳನ್ನು ಸರಿಯಾಗಿ ಬರೆದುಕೊಳ್ಳಬೇಕೆಂಬ ನೆಪದಲ್ಲೇ, ತಮಿಳು, ಇಂಗ್ಲಿಷ್ ಮಾತ್ರ ಓದಲು ಬರುತ್ತಿದ್ದ ನಾನು ಕನ್ನಡ ಅಕ್ಷರ ಕಲಿತೆ. ಈ ಬರಹ ಆ ಕಲಿಕೆಯ ಬಡ್ಡಿ.

ವ್ಯಾಪಾರ ಮಹಾ ಜೋರಾಗಿತ್ತು ಎಂದೇನೂ ಹೇಳಲಾರೆ. ತಿಂಗಳಿಗೆ ಎರಡು ಮೂರು. ವಾಲ್ಪಾರೈಯ ಎಸ್ಟೇಟಿನ ಕ್ಲರ್ಕ್ ಒಬ್ಬರು ಮಗಳಿಗಾಗಿ ಕೊಂಡರು. ಅವರ ಲೈನ್ ಮನೆಯಲ್ಲಿ ಸಿಗ್ನಲ್ ಇಲ್ಲದೆ, ಘಾಟಿಯ ತಿರುವಿಗೆ ಬಸ್ಸಿನಲ್ಲಿ ಬಂದು ನಿಂತು ಡೌನ್‌ಲೋಡ್ ಮಾಡಿಕೊಂಡರಂತೆ. ಅತ್ತೆಗೆ ಆ ಸುದ್ದಿ ಕೇಳಿ ಆದ ಸಂಭ್ರಮ ಅಷ್ಟಿಷ್ಟಲ್ಲ. "ತಟ್ಟೆ ಹಿಡ್ಕೊಂಡು ಬೆಟ್ಟ ಇಳಿದು ಬಂದಂಗೆ ಆಯ್ತಲ್ಲೇ!" ಎಂದು ಸೊಸೆಗೆ ಮೂರು ಸಲ ಹೇಳಿದರು.

ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬರು ಮಾತ್ರ ನನಗೆ ಫೋನು ಮಾಡಿ ತಗಾದೆ ತೆಗೆದರು. ಇದೇ ಹಾಡು ವಾಟ್ಸಾಪಿನಲ್ಲಿ ಓಸಿಯಾಗಿ ಸುತ್ತುತ್ತಿದೆ, ಹನ್ನೊಂದು ರೂಪಾಯಿ ಯಾಕೆ ಕೊಡಬೇಕು ಎಂದು. ಲಕ್ಷಗಟ್ಟಲೆ ಖರ್ಚು ಮಾಡಿ ಮದುವೆ ಮಾಡುತ್ತಿದ್ದವರು. ಪಕ್ಕದಲ್ಲೇ ಇದ್ದ ಅತ್ತೆ ಫೋನು ಕಸಿದುಕೊಂಡರು.

"ಓಸಿ ಹಾಡಲ್ಲಿ ರೇವತಿ ಅವಳೆ ಸಾಮಿ. ರೇವತಿ ಸಾಕಾ, ನಿಮ್ಮ ಮಗಳು ಬೇಕಾ?"

ಆ ಕಡೆಯವರು ಫೋನು ಇಟ್ಟರು. ಎರಡು ನಿಮಿಷಕ್ಕೆ ಹನ್ನೊಂದು ರೂಪಾಯಿ ಬಂತು. ಡೌನ್‌ಲೋಡಿಗೆ ದುಡ್ಡು ಕೊಡುವುದು ಲಾಭವೋ ನಷ್ಟವೋ ಎಂದು ನಮ್ಮ ಆಫೀಸಿನಲ್ಲಿ ಎಷ್ಟು ಮಧ್ಯಾಹ್ನ ವಾದ ಮಾಡಿದ್ದೇವೋ, ಇಷ್ಟು ಚಿಕ್ಕದಾಗಿ ಯಾರೂ ಮುಗಿಸಿರಲಿಲ್ಲ.

ಕಳೆದ ವರ್ಷ ಅತ್ತೆಯ ಗಂಟಲಲ್ಲಿ ಏನೋ ಬೆಳೆಯಿತು. ಕೊಯಮತ್ತೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಫಾರಂ ತುಂಬಲು ಆಧಾರ್ ಕಾರ್ಡ್ ತೆಗೆದಾಗ ಅವರ ಹೆಸರನ್ನು ಜೀವನದಲ್ಲಿ ಮೊದಲ ಸಲ ಓದಿದೆ. ಎಷ್ಟು ಚೆಂದದ ಹೆಸರು, ಉದ್ದಕ್ಕೆ ಎಳೆದು ಹಾಡಬಹುದಾದ ಹೆಸರು! ಹಾಗೆಂದೆ ಕೂಡ. "ಯಾರೂ ಕರೀದೆ ಹೊಸದಾಗೇ ಉಳಿದದೆ" ಎಂದು ನಕ್ಕರು. ಆಪರೇಷನ್ ಆದ ಮೇಲೆ ದನಿ ಉಳಿಯುತ್ತದೆ ಎಂಬ ಭರವಸೆ ಇಲ್ಲ ಎಂದರು ಡಾಕ್ಟರು.

ಆಪರೇಷನ್ನಿಗೆ ಎರಡು ದಿನ ಮೊದಲು, ಒಂದು ಹಾಡು ಇದೆ ಬಾ ಎಂದು ಕರೆದರು. ಯಾರ ತಟ್ಟೆಯೂ ಬಂದಿರಲಿಲ್ಲ. ಅಮ್ಮ, ಅಜ್ಜಿ, ಬಾವಿ, ಊರು ಎಂದಷ್ಟೇ ಹೆಸರಿಲ್ಲದೆ ಹಾಡಿದರು. ಪ್ರತಿ ನುಡಿಯ ಕೊನೆಗೆ, ಹೆಸರು ಬರುವಲ್ಲಿ ಬಾಯಿ ಮುಚ್ಚಿಕೊಂಡು, ತೊಡೆಯ ಮೇಲೆ ತಾಳವನ್ನೂ ತಟ್ಟದೆ, ಒಂದು ಹೆಸರಿನಷ್ಟು ಹೊತ್ತು ಸುಮ್ಮನಿದ್ದು ಮುಂದಕ್ಕೆ ಹೋಗುತ್ತಿದ್ದರು. ನಾನು ಮನೆಗೆ ಬಂದು, ಪಾಪ, ನೋವಿಗೆ ಮರೆತಿದ್ದಾರೆ ಎಂದುಕೊಂಡು, ಆ ಐದು ಮೌನಗಳನ್ನೂ ಕಂಪ್ಯೂಟರಿನಲ್ಲಿ ನೀಟಾಗಿ ಕತ್ತರಿಸಿ ಜೋಡಿಸಿ ಕೇಳಿಸಿದೆ.

"ಅಯ್ಯೋ ನಿನ್ನ ಮನೆ ಕಾಯ! ಜಾಗ ಎಲ್ಲೇ ಹೋಯ್ತು?"

"ಅಲ್ಲಿ ಏನೂ ಇರಲಿಲ್ಲ ಅತ್ತೆ, ಖಾಲಿ ಇತ್ತು."

"ಖಾಲಿ ಅಲ್ಲ ಕಣೇ ಅದು, ನಿಮಗೆ ಬಿಟ್ಟಿದ್ದು. ಇನ್ಮೇಲೆ ಹೆಸರು ಕೇಳೋಕೆ ನಾನಿರಲ್ಲ. ನೀವೇ ಬಾಯಿ ಬಿಟ್ಟು ಹೇಳ್ಕೊಳ್ಳಿ. ಎಲ್ಲಾ ನಾನೇ ಹೇಳ್ಬೇಕಾ?"

ಕತ್ತರಿಸಿದ್ದನ್ನು ಅವರ ಎದುರಿಗೇ ಮತ್ತೆ ಸೇರಿಸಿದೆ. ಬೆಲೆ ಅದೇ ಹನ್ನೊಂದು.

ಆಪರೇಷನ್ ಆದ ಮೇಲೆ ದನಿ ಬರಲೇ ಇಲ್ಲ. ಆರು ತಿಂಗಳು ಕೈಸನ್ನೆಯಲ್ಲೇ ಸೊಸೆಯೊಡನೆ ಜಗಳ ಮಾಡಿ, ಗೆದ್ದು, ಹೋದರು.

ಹೋದ ವಾರ ಕೊಯಮತ್ತೂರಿನಲ್ಲಿ ಒಂದು ಮದುವೆ. ಹೆಣ್ಣು ಇಲ್ಲೇ ಆರ್.ಎಸ್.ಪುರದಲ್ಲಿ ಬೆಳೆದವಳು, ಡಾಕ್ಟರು, ಕನ್ನಡ ಮಾತಾಡಿದರೂ ತಮಿಳಿನ ಹಾಗೆ ಕೇಳುತ್ತದೆ. ನಾಲ್ಕು ದಿನ ಮೊದಲು ಅವಳೂ ಅವಳ ಅಮ್ಮನೂ ತಟ್ಟೆ ಹಿಡಿದು ನಮ್ಮ ಮನೆಗೇ ಬಂದರು. ಫೋನಿನಲ್ಲೇ ಕಳಿಸಬಹುದಿತ್ತಲ್ಲ ಎಂದರೆ, "ಅದು ಮರ್ಯಾದೆ ಅಲ್ಲ ಆಂಟಿ" ಎಂದಳು ಹುಡುಗಿ. ತಟ್ಟೆಯನ್ನು ನನ್ನ ಫೋನಿನ ಮುಂದೆ ಇಟ್ಟಳು. ನಾನು ಕೈ ಒರೆಸಿಕೊಂಡು, ಹೆಸರೇನು, ಮನೆಯಲ್ಲಿ ಏನಂತ ಕರೆಯುತ್ತಾರೆ ಎಂದು ವಿಚಾರಣೆ ಶುರುಮಾಡಿದೆ. ಎಲ್ಲ ಹೇಳಿ ಮುಗಿಸಿ ಹುಡುಗಿ, "ಹಾಡಿದವರ ಹೆಸರೇನು ಆಂಟಿ?" ಎಂದಳು.

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಇನ್ನೊಬ್ಬರಿಲ್ಲ. ಹೇಳಿದೆ.

ಮದುವೆಯ ದಿನ ಸ್ಪೀಕರಿನಲ್ಲಿ ಅತ್ತೆ ಹಾಡಿದರು. ಮೊದಲ ನುಡಿ ಮುಗಿದು ಆ ಖಾಲಿ ಜಾಗ ಬಂತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹಾಡಿನ ಗಂಧವಿಲ್ಲದ ನಾನು, ಕಾಗೆ ದನಿಯಲ್ಲಿ ಹುಡುಗಿಯ ಹೆಸರು ಕೂಗಿದೆ. ಎರಡನೆಯ ನುಡಿಗೆ ನಾಲ್ಕು ಹೆಂಗಸರು ಸೇರಿದರು. ಮೂರನೆಯದಕ್ಕೆ ಅರ್ಧ ಮಂಡಪ, ನಾಲ್ಕನೆಯದಕ್ಕೆ ಕನ್ನಡದ ಒಂದಕ್ಷರ ಗೊತ್ತಿಲ್ಲದ ಅಡುಗೆಯವರೂ ಸೌಟು ಹಿಡಿದು ಬಂದು ನಿಂತು ಕೂಗಿದರು. ಐದನೆಯ ನುಡಿಗೆ ಎಲ್ಲರೂ ಉಸಿರು ಎಳೆದುಕೊಂಡು ಸಿದ್ಧವಾದಾಗ, ಮದುವಣಗಿತ್ತಿ ಕೈಯೆತ್ತಿ ನಮ್ಮನ್ನೆಲ್ಲ ತಡೆದಳು. ಆ ಜಾಗದಲ್ಲಿ ಅವಳೊಬ್ಬಳೇ, ತಮಿಳಿನ ರಾಗದಲ್ಲಿ, ಅತ್ತೆಯ ಹೆಸರನ್ನು ಹಾಡಿದಳು. ಆ ಹೆಸರು ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಾನು ಎಲ್ಲರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ.

ಬರುವಾಗ ಎರಡು ಮಂಜಪ್ಪೈ ಕೇಳಿ ಇಸಿದುಕೊಂಡೆ. ಒಂದನ್ನು ನಾನಿಟ್ಟುಕೊಂಡು, ಇನ್ನೊಂದನ್ನು ಮಡತ್ತುಕುಳಕ್ಕೆ ಒಯ್ದು ಕೊಟ್ಟೆ. ಸೊಸೆ ಕೈ ಒರೆಸಿಕೊಂಡು ಅದನ್ನು ಆ ಮೊಳೆಗೆ ಹಾಕಿದಳು.

ಇಷ್ಟು ಓದಿದ ಮೇಲೆ ಅವರ ಹೆಸರು ಏನೆಂದು ನೀವೂ ಕೇಳುತ್ತೀರಿ. ಇಲ್ಲಿ ಬರೆಯುವುದಿಲ್ಲ. ಓಸಿಯಲ್ಲಿ ಕೊಟ್ಟರೆ ಅತ್ತೆ ಸುಮ್ಮನಿರುವವರಲ್ಲ. ತಟ್ಟೆ ತನ್ನಿ, ಹೇಳುತ್ತೇನೆ.